ಸಭೆಯ ಸ್ತ್ರೀಸಮಾಜದಲ್ಲಿ ಐಕಮತ್ಯ



ಇಂತಹ ಸ್ಮರಣ ಸಂಚಿಕೆಗಳಲ್ಲಿ ಪರೀಕ್ಷೆಯ ಫಲಿತಾಂಶ, ಹೊಲಿಗೆ, ಸಂಗೀತ, ಆಟೋಟ ಇವುಗಳ ವಿಷಯವಾಗಿ ಸಂತೋಷಕರವಾದ ಲೇಖನಗಳು ಬರುವದು ವಾಡಿಕೆ. ಅವು ಇರತಕ್ಕವೇ. ಅಷ್ಟೇನೂ ಸಂತೋಷಕರವಲ್ಲದ ಒಂದು ವಿಷಯವನ್ನು ಈ ಸಲ ವಾಚಕರ ಮುಂದಿಡಲು ನಾವು ಅಪ್ಪಣೆ ಬೇಡುತ್ತೇವೆ. ನಮ್ಮಂತಹ ಶಾಲೆಗಳನ್ನು ಬಿಟ್ಟುಹೋದ ಕ್ರೈಸ್ತ ಹುಡುಗಿಯರು ಮದುವೆಯಾಗಿಯೋ ಉದ್ಯೋಗ ಹಿಡಿದೋ ಬೇರೆ ಬೇರೆ ಊರುಗಳ ಸಭೆಗಳಿಗೆ ಸೇರುತ್ತಾರೆ. ಓದುಬರಹ, ಲೆಕ್ಕ, ಹಾಡುಗಳನ್ನು ಬಲ್ಲವರೆಂದು ಎರಡು ಮೂರು ವರ್ಷಗಳೊಳಗೆ ಅಲ್ಲಿಯ ಸ್ತ್ರೀಸಮಾಜದಲ್ಲಿ ಕಾರ್ಯದರ್ಶಿಯೋ ಖಜಾಂಚಿಯೋ ಆಗುತ್ತಾರೆ. ಆಮೇಲೆ ನಮ್ಮನ್ನು ಕಂಡಾಗ ಅವರಾಡುವ ದೂರು ಬಹುಮಟ್ಟಿಗೆ ಒಂದೇ: ಕೆಲಸ ಕಷ್ಟವಲ್ಲ, ಕೂಡಿ ಮಾಡುವದೇ ಕಷ್ಟ.

ಕ್ರೈಸ್ತರಲ್ಲದ ವಾಚಕರು, ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅವರ ಸಂಖ್ಯೆ ಕಡಿಮೆಯಲ್ಲ, ಸಭೆ ಎಂದಿರುವಲ್ಲಿ ತಮ್ಮ ಮಹಿಳಾ ಸಮಾಜವನ್ನೋ ಭಜನಾಮಂಡಳಿಯನ್ನೋ ಇಟ್ಟುಕೊಂಡು ಓದಬಹುದು. ಅರ್ಥವೇನೂ ಕೆಡಲಾರದು.

ಸಭೆಯ ಹೆಂಗಸರೊಳಗೆ ಮನಸ್ತಾಪ ಹುಟ್ಟಿದರೆ ಸಾಮಾನ್ಯವಾಗಿ ಅದನ್ನು ಮುಚ್ಚಿಡುತ್ತಾರೆ. ಮುಚ್ಚಿಡಲು ಆಗದೆ ಹೋದಾಗ ಗಂಡಂದಿರೂ ಸಭಾಹಿರಿಯರೂ ಕೈಹಾಕಿ ಎರಡು ಮನೆಗಳ ಜಗಳವನ್ನು ಇಡೀ ಸಭೆಯ ಜಗಳವನ್ನಾಗಿ ಮಾಡುತ್ತಾರೆ. ಇವೆರಡೂ ಅಲ್ಲದ ದಾರಿಯೊಂದಿದೆ ಎಂಬದು ನಮ್ಮ ಅಭಿಪ್ರಾಯ. ಈ ಕಲಹಗಳಲ್ಲಿ ಹೆಚ್ಚಿನವು ಯಾರದೋ ಕೆಟ್ಟ ಸ್ವಭಾವದಿಂದ ಹುಟ್ಟಿದವುಗಳಲ್ಲ. ಕೆಲಸ, ಹಣ, ಗೌರವ ಈ ಮೂರನ್ನೂ ನಾವು ಸರಿಯಾಗಿ ಹಂಚಿಕೊಳ್ಳದೆ ಇರುವದರಿಂದ ಹುಟ್ಟಿದವು. ಹೀಗಿರಲು ಪ್ರೀತಿಯ ಮೇಲೆ ಇನ್ನೊಂದು ಪ್ರಸಂಗವನ್ನು ಮಾಡಿಸುವದಕ್ಕಿಂತ ಮೊದಲು ಹಂಚಿಕೆಯನ್ನು ನೆಟ್ಟಗೆ ಮಾಡಬೇಕು.

ಇಲ್ಲಿ ಒಂದು ಹಳೆಯ ಗಾದೆ ಅಡ್ಡ ಬರುತ್ತದೆ. ಎರಡು ಜಡೆ ಒಂದಾಗವು ಎಂದು ನಮ್ಮ ಜನರು ಹೇಳುತ್ತಾರೆ. ಇದನ್ನು ಗಂಡಸರು ನಗುತ್ತ ಹೇಳುತ್ತಾರೆ, ಹೆಂಗಸರು ನಿಟ್ಟುಸಿರಿಟ್ಟು ಒಪ್ಪಿಕೊಳ್ಳುತ್ತಾರೆ. ನಮಗೆ ಬೇಸರವಾಗುವದು ಈ ಎರಡನೆಯದಕ್ಕೆ. ತಮ್ಮಲ್ಲಿ ಯಾರು ದೊಡ್ಡವನೆಂದು ಕಪೆರ್ನೌಮಿನ ದಾರಿಯಲ್ಲಿ ವಾದಿಸಿದವರು ಹನ್ನೆರಡು ಮಂದಿ ಶಿಷ್ಯರು. ಅವರಲ್ಲಿ ಒಬ್ಬಳೂ ಹೆಂಗಸಿರಲಿಲ್ಲ. ಮಾರ್ಕನನ್ನು ಜೊತೆಗೆ ಕರಕೊಂಡು ಹೋಗಬೇಕೋ ಬೇಡವೋ ಎಂಬ ವಿಷಯದಲ್ಲಿ ತೀಕ್ಷ್ಣವಾಗಿ ಜಗಳಾಡಿ ಒಬ್ಬರನ್ನೊಬ್ಬರು ಅಗಲಿದವರು ಪೌಲ ಬಾರ್ನಬರು. ದಕ್ಷಿಣ ಭಾರತದ ಸಭೆಗಳು ಒಂದಾಗಬೇಕೆಂದು ೧೯೧೯ರಲ್ಲಿ ತರಂಗಂಬಾಡಿಯಲ್ಲಿ ಆರಂಭವಾದ ಮಾತುಕತೆಯು ೧೯೪೭ನೇ ಸಪ್ಟೆಂಬರ ೨೭ರ ವರೆಗೆ, ಅಂದರೆ ೨೮ ವರ್ಷ, ನಡೆಯಿತು. ಆ ಮೇಜಿನ ಸುತ್ತಲೂ ಕುಳಿತವರು ಬಹುತೇಕ ಗಂಡಸರೇ. ಅವರ ಭಿನ್ನಾಭಿಪ್ರಾಯಕ್ಕೆ ತತ್ತ್ವವಿಚಾರವೆಂದು ಹೆಸರು. ನಮ್ಮದಕ್ಕೆ ಹೆಂಗಸರ ಜಗಳವೆಂದು ಹೆಸರು. ಹೆಸರು ಬೇರೆಯಾದುದರಿಂದ ಮದ್ದೂ ಬೇರೆಯಾಯಿತು. ಅವರಿಗೆ ಸಮಿತಿ, ನಿಯಮ, ಕಾಲಾವಕಾಶ. ನಮಗೆ ಸುಮ್ಮನಿರೆಂಬ ಗದರಿಕೆ.

ಜಗಳವು ಹೇಗೆ ಹುಟ್ಟುತ್ತದೆಂಬದನ್ನು ತಿಳಿಯಬೇಕಾದರೆ ಯಾವದಾದರೂ ಸಭೆಯ ಸುಗ್ಗಿಹಬ್ಬವನ್ನು ನೋಡಿದರೆ ಸಾಕು. ಹೆಂಗಸರು ವಾರವೆಲ್ಲ ಮನೆಮನೆಗೆ ಹೋಗಿ ಅಕ್ಕಿ, ತೆಂಗಿನಕಾಯಿ, ಕುಂಬಳಕಾಯಿ, ಮೊಟ್ಟೆಗಳನ್ನು ಕೂಡಿಸುತ್ತಾರೆ. ಹಿಂದಿನ ರಾತ್ರಿ ತಿಂಡಿ ಕರಿಯುತ್ತಾರೆ. ಆರಾಧನೆ ಮುಗಿದ ಮೇಲೆ ಹರಾಜು. ಒಬ್ಬಾಕೆಯು ರಾತ್ರಿ ಹನ್ನೊಂದು ಗಂಟೆಯ ವರೆಗೆ ಎಣ್ಣೆಯ ಬಾಣಲೆಯ ಮುಂದೆ ನಿಂತಿರುತ್ತಾಳೆ. ಮರುದಿನ ವಂದನಾರ್ಪಣೆಯಲ್ಲಿ ಹೆಚ್ಚಿನ ಬೆಲೆಗೆ ಕೇಕು ಕೊಂಡವರ ಹೆಸರು ಬರುತ್ತದೆ, ಕಾರ್ಯದರ್ಶಿಯ ಹೆಸರು ಬರುತ್ತದೆ, ಪಾದ್ರಿಯವರ ಪತ್ನಿಯ ಹೆಸರು ಬರುತ್ತದೆ. ಬಾಣಲೆಯ ಮುಂದೆ ನಿಂತಾಕೆಯ ಹೆಸರು ಬರುವದಿಲ್ಲ. ಆಕೆಯು ಏನೂ ಆಡುವದಿಲ್ಲ, ಮನೆಗೆ ಹೋಗುತ್ತಾಳೆ. ಮುಂದಿನ ವರ್ಷ ಹಬ್ಬದ ವಾರ ಬಂದಾಗ ಆಕೆಗೆ ಮೊಣಕಾಲು ನೋವು. ಅದರ ಮುಂದಿನ ವರ್ಷ ಆಕೆಯ ಓರಗಿತ್ತಿಗೂ ನೋವು. ಇನ್ನೂ ಒಂದು ವರ್ಷ ಕಳೆಯುವಷ್ಟರಲ್ಲಿ ಸಮಾಜದಲ್ಲಿ ಎರಡು ಪಕ್ಷಗಳು ಆಗಿರುತ್ತವೆ, ಕಾರಣವನ್ನು ಕೇಳಿದರೆ ಯಾರಿಗೂ ನೆಟ್ಟಗೆ ಹೇಳಲು ಬಾರದು.

ಇನ್ನು ಸಮಾಜದ ಕಪಾಟು. ಅದರಲ್ಲಿ ಪಾತ್ರೆಗಳು, ಬಟ್ಟಲುಗಳು, ಮೇಜಿನ ವಸ್ತ್ರ ಇರುತ್ತವೆ. ಬೀಗದ ಕೈ ಒಬ್ಬರ ಮನೆಯಲ್ಲಿ ಹದಿನೈದು ವರ್ಷಗಳಿಂದಲೂ ಇರುತ್ತದೆ. ಅವರು ಪ್ರಾಮಾಣಿಕರು, ಒಂದು ಚಮಚವೂ ಕಳೆದಿಲ್ಲ. ಆದರೂ ಮದುವೆಗೆಂದು ಪಾತ್ರೆ ಬೇಕಾದ ಹೊಸ ಸೊಸೆಯು ಅವರ ಬಾಗಿಲಲ್ಲಿ ನಿಂತು ಕೇಳಬೇಕು, ಅವರು ಒಳಗಿನಿಂದ ನಿಧಾನವಾಗಿ ಬರಬೇಕು. ಆ ನಿಧಾನದಲ್ಲಿಯೇ ಎಷ್ಟೋ ವೈಮನಸ್ಯವು ಬೆಳೆದದ್ದುಂಟು. ಲೆಕ್ಕದ ವಿಷಯವಂತೂ ಇದಕ್ಕಿಂತ ಸೂಕ್ಷ್ಮ. ಲೆಕ್ಕವನ್ನು ಓದಿರೆಂದು ಯಾರಾದರೂ ಕೇಳಿದರೆ, ನನ್ನ ಮೇಲೆ ಅನುಮಾನವೋ ಎಂಬ ಉತ್ತರ ಬರುತ್ತದೆ. ಲೆಕ್ಕ ಕೇಳುವದೇ ಅವಮಾನವೆಂದು ಎಣಿಸುವ ಸಮಾಜದಲ್ಲಿ ಕೇಳದವರೆಲ್ಲರೂ ಮನಸ್ಸಿನೊಳಗೆ ಬೇರೆ ಬೇರೆ ಲೆಕ್ಕವನ್ನು ಇಡುತ್ತಾರೆ.

ಇವೆಲ್ಲ ಸಣ್ಣ ಸಂಗತಿಗಳೆಂದು ವಾಚಕರು ನಗಬಾರದು. ಒಂದು ಊರಿನ ಸ್ತ್ರೀಸಮಾಜದ ಸಂಗತಿ ನಮಗೆ ಗೊತ್ತಿದೆ. ತಂದೆಯಿಲ್ಲದ ಒಬ್ಬ ಹುಡುಗಿಯ ಬೋರ್ಡಿಂಗ್ ಫೀಜಿಗೆಂದು ಅವರು ಹಣ ಕೂಡಿಸಿದ್ದರು. ಬ್ಯಾಂಕಿನ ಚೆಕ್ಕಿಗೆ ಅಧ್ಯಕ್ಷಿಣಿ, ಖಜಾಂಚಿ ಇಬ್ಬರ ರುಜುವೂ ಬೇಕು. ಅವರಿಬ್ಬರಿಗೂ ಮಾತಿಲ್ಲ. ಒಬ್ಬರು ರುಜು ಹಾಕಿ ಕಳುಹಿಸಿದ ಚೆಕ್ಕು ಇನ್ನೊಬ್ಬರ ಮನೆಯ ಬೈಬಲಿನೊಳಗೆ ಬಹುದಿನ ಇತ್ತು. ಫೀಜಿನ ಗಡು ದಾಟಿತು, ಹುಡುಗಿಯು ಊರಿಗೆ ಹಿಂತಿರುಗಿದಳು. ಇಬ್ಬರಲ್ಲಿ ಯಾರೂ ದುಷ್ಟರಲ್ಲ. ಇಬ್ಬರೂ ಆ ಹುಡುಗಿಗೋಸ್ಕರ ಪ್ರಾರ್ಥಿಸುತ್ತಿದ್ದವರೇ.

ಈ ಹಳೆಯ ಕಾರಣಗಳಿಗೆ ನಮ್ಮ ಕಾಲವು ಹೊಸದೊಂದನ್ನು ಕೂಡಿಸಿದೆ. ಮೊದಲು ಒಂದು ಚಾಡಿಮಾತು ಬಾವಿಕಟ್ಟೆಯಿಂದ ಹೊರಟು ಊರ ಕೊನೆಯನ್ನು ಮುಟ್ಟಲು ಎರಡು ದಿನವಾದರೂ ಬೇಕಾಗುತ್ತಿತ್ತು; ಅಷ್ಟರೊಳಗೆ ಆಡಿದವಳ ಸಿಟ್ಟು ಇಳಿಯುತ್ತಿತ್ತು. ಈಗ ಸಮಾಜದ ಸದಸ್ಯರೆಲ್ಲರ ವಾಟ್ಸಾಪ್ ಗುಂಪು ಇದೆ. ರಾತ್ರಿ ಹತ್ತು ಗಂಟೆಗೆ ಸಿಟ್ಟಿನಲ್ಲಿ ಬರೆದ ಎರಡು ಸಾಲುಗಳನ್ನು ಅರುವತ್ತು ಮನೆಗಳವರು ಮಲಗುವ ಮೊದಲೇ ಓದಿರುತ್ತಾರೆ. ಕೂಟದ ಹೊತ್ತನ್ನೂ ಮರಣದ ಸುದ್ದಿಯನ್ನೂ ತಿಳಿಸಲು ಆ ಸಾಧನವು ಬಹು ಉಪಯುಕ್ತ. ಮನಸ್ತಾಪದ ಮಾತಿಗೆ ಮಾತ್ರ ಅದು ಸ್ಥಳವಲ್ಲ ಎಂಬ ಒಂದು ನಿಯಮವನ್ನು ಪ್ರತಿಯೊಂದು ಸಮಾಜವೂ ಮಾಡಿಕೊಳ್ಳಬೇಕು.

ಈಗ ಮದ್ದಿನ ವಿಷಯ. ಸಭೆಯ ಹೆಂಗಸರ ಕಲಹವು ಸಭೆಯಷ್ಟೇ ಹಳೆಯದು. ಮಕೆದೋನ್ಯದ ಫಿಲಿಪ್ಪಿ ಪಟ್ಟಣದಲ್ಲಿ ಸುವಾರ್ತೆಯ ಕೆಲಸವು ಆರಂಭವಾದದ್ದು ಹೊಳೆಯ ದಡದಲ್ಲಿ ಪ್ರಾರ್ಥನೆಗೆ ಕೂಡಿದ್ದ ಹೆಂಗಸರಿಂದ. ಕೆನ್ನೀಲಿ ಬಣ್ಣದ ವಸ್ತ್ರಗಳನ್ನು ಮಾರುತ್ತಿದ್ದ ಲುದ್ಯಳು ತನ್ನ ಮನೆಯನ್ನು ಅಪೊಸ್ತಲರಿಗೆ ತೆರೆದಳು. ಕೆಲವು ವರ್ಷಗಳ ಮೇಲೆ ಪೌಲನು ಸೆರೆಯಲ್ಲಿದ್ದುಕೊಂಡು ಆ ಸಭೆಗೆ ಪತ್ರ ಬರೆದಾಗ ಅಲ್ಲಿಯ ಯುವೊದ್ಯ, ಸಂತುಕೆ ಎಂಬ ಇಬ್ಬರು ಸ್ತ್ರೀಯರಿಗೆ ಒಮ್ಮನಸ್ಸಿರಲಿಲ್ಲ. ಆ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಅವರ ಪ್ರಸ್ತಾಪವು ಎರಡೇ ವಾಕ್ಯಗಳಷ್ಟಿದೆ. ಆದರೆ ಆ ಎರಡು ವಾಕ್ಯಗಳನ್ನು ನಮ್ಮ ಸಭೆಗಳಲ್ಲಿ ಓದಬೇಕಾದಷ್ಟು ನಿಧಾನವಾಗಿ ಓದುವದಿಲ್ಲವೆಂದು ನಮಗೆ ತೋರುತ್ತದೆ.

ಪೌಲನು ಇಬ್ಬರ ಹೆಸರನ್ನೂ ಹೇಳುತ್ತಾನೆ. ಪತ್ರವನ್ನು ಕೂಡಿಬಂದ ಸಭೆಯಲ್ಲಿ ಗಟ್ಟಿಯಾಗಿ ಓದುವದು ಆ ಕಾಲದ ಪದ್ಧತಿ. ಆದಕಾರಣ ಆ ಇಬ್ಬರೂ ತಮ್ಮ ಹೆಸರುಗಳನ್ನು ಎಲ್ಲರ ಮುಂದೆ ಕೇಳಿಯೇ ಇರಬೇಕು. ಅಂದರೆ ಅವನು ಮುಚ್ಚಿಡಲಿಲ್ಲ. ಬೇಡಿಕೊಳ್ಳುತ್ತೇನೆ ಎಂಬ ಕ್ರಿಯಾಪದವನ್ನು ಮೂಲ ಗ್ರೀಕಿನಲ್ಲಿ ಎರಡು ಸಲ, ಒಬ್ಬೊಬ್ಬಳಿಗೆ ಒಂದೊಂದು ಸಲ, ಬರೆದಿದ್ದಾನೆ. ಒಂದೇ ಸಲ ಬರೆದಿದ್ದರೂ ವ್ಯಾಕರಣಕ್ಕೆ ಕೊರತೆಯಿರಲಿಲ್ಲ. ಒಬ್ಬಳನ್ನು ಮೊದಲು ಬಗ್ಗಿಸಿ ಇನ್ನೊಬ್ಬಳನ್ನು ಗೆಲ್ಲಿಸುವ ಮನಸ್ಸು ಅವನಿಗಿರಲಿಲ್ಲವೆಂದು ಇದರಿಂದ ನಾವು ತಿಳಿಯುತ್ತೇವೆ. ಜಗಳದ ಕಾರಣವನ್ನು ಅವನು ಬರೆಯಲೇ ಇಲ್ಲ, ತಪ್ಪು ಯಾರದೆಂದು ತೀರ್ಪನ್ನೂ ಕೊಡಲಿಲ್ಲ. ಇವರು ಸುವಾರ್ತೆಗೋಸ್ಕರ ತನ್ನ ಜೊತೆಯಲ್ಲಿ ಹೋರಾಡಿದವರೆಂದು ಇಬ್ಬರ ಗೌರವವನ್ನೂ ಅದೇ ಉಸಿರಿನಲ್ಲಿ ಎತ್ತಿಹಿಡಿದನು. ಕೊನೆಗೆ ಆ ಊರಿನಲ್ಲಿಯೇ ಇದ್ದ ಒಬ್ಬ ಸಹಕಾರಿಯನ್ನು ಕರೆದು, ಇವರಿಗೆ ಸಹಾಯ ಮಾಡೆಂದು ಹೇಳಿದನು. ವಿಚಾರಣೆ ಮಾಡೆಂದು ಹೇಳಲಿಲ್ಲ.

ಈ ಮೂರನೆಯ ಮನುಷ್ಯನ ಕೆಲಸವೇ ನಮ್ಮಲ್ಲಿ ಕೆಟ್ಟಿರುವದು. ಮೂರನೆಯವರು ನಮ್ಮಲ್ಲಿ ಇಲ್ಲವೆಂದಲ್ಲ, ಬೇಕಾದಷ್ಟು ಇದ್ದಾರೆ. ಇವರು ಇಲ್ಲಿಯ ಮಾತನ್ನು ಅಲ್ಲಿಗೆ ಮುಟ್ಟಿಸುತ್ತಾರೆ, ಮುಟ್ಟಿಸುವಾಗ ಸ್ವಲ್ಪ ಒಗ್ಗರಣೆ ಹಾಕುತ್ತಾರೆ, ಇಬ್ಬರಿಗೂ ತಾವೇ ಆಪ್ತರೆಂದು ತೋರಿಸಿಕೊಳ್ಳುತ್ತಾರೆ. ಜಗಳವು ನಿಂತರೆ ಇವರ ಮನೆಗೆ ಬರುವವರು ಕಡಿಮೆಯಾಗುತ್ತಾರೆ. ಇಂತಹವರ ಬದಲು ಪ್ರತಿಯೊಂದು ಸಮಾಜದಲ್ಲಿಯೂ ಇಬ್ಬರು ಹಿರಿಯ ಸೋದರಿಯರನ್ನು ಈ ಕೆಲಸಕ್ಕೆಂದೇ ಆರಿಸಬೇಕು. ಅವರು ಆ ವರ್ಷ ಬೇರೆ ಯಾವ ಪದವಿಯಲ್ಲಿಯೂ ಇರಬಾರದು; ಬೀಗದ ಕೈ, ಹಣ, ಮೈಕು ಯಾವದೂ ಅವರ ಕೈಯಲ್ಲಿರಬಾರದು. ಒಬ್ಬರ ದೂರನ್ನು ಕೇಳಿದರೆ ಇನ್ನೊಬ್ಬರದನ್ನೂ ಕೇಳಬೇಕು. ಕೇಳಿದ್ದನ್ನು ತಮ್ಮ ಗಂಡಂದಿರಿಗೂ ಹೇಳಬಾರದು. ಈ ಕೊನೆಯ ಶರತ್ತನ್ನು ಪಾಲಿಸುವವರು ಸಿಕ್ಕುವದು ಕಷ್ಟವೆಂದು ಕೆಲವರು ನಗಬಹುದು. ನಾವು ಅಂತಹವರನ್ನು ಕಂಡಿದ್ದೇವೆ. ಅವರಲ್ಲಿ ಹೆಚ್ಚಿನವರು ಬೋರ್ಡಿಂಗ್ ಮನೆಯ ಮೇಟ್ರನ್ನರೂ ಸೂಲಗಿತ್ತಿಯರೂ ಆಗಿದ್ದವರು.

ಆದರೆ ಇಬ್ಬರ ನಡುವಣ ಮುನಿಸು ಒಂದು, ಗುಂಪುಗುಂಪುಗಳ ನಡುವಣ ಅಸಮಾಧಾನ ಇನ್ನೊಂದು. ಎರಡನೆಯದಕ್ಕೆ ಸಂಧಾನದ ಮಾತು ಸಾಲದು. ಯೆರೂಸಲೇಮಿನ ಮೊದಲನೆಯ ಸಭೆಯಲ್ಲಿಯೇ ಇದು ನಡೆಯಿತು. ಗ್ರೀಕ್ ಭಾಷೆಯನ್ನಾಡುವ ಯೆಹೂದ್ಯರ ವಿಧವೆಯರು ದಿನದಿನದ ಹಂಚಿಕೆಯಲ್ಲಿ ಅಲಕ್ಷ್ಯಕ್ಕೊಳಗಾದರು, ಗೊಣಗುಟ್ಟುವಿಕೆ ಎದ್ದಿತು. ಗೊಣಗುವದು ಪಾಪವೆಂದು ಅಪೊಸ್ತಲರು ಉಪದೇಶ ಮಾಡಿ ಮುಗಿಸಬಹುದಾಗಿತ್ತು. ಅವರು ಹಾಗೆ ಮಾಡದೆ, ಹಂಚಿಕೆಗೆಂದು ಏಳು ಮಂದಿಯನ್ನು ಆರಿಸಲು ಸಭೆಗೆ ಹೇಳಿದರು. ಸ್ತೆಫನನಿಂದ ಹಿಡಿದು ಅಂತಿಯೋಕ್ಯದ ನಿಕೊಲಾಯನ ವರೆಗೆ ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳು. ಯಾರ ವಿಧವೆಯರಿಗೆ ಅನ್ಯಾಯವಾಗಿತ್ತೋ ಆ ಕಡೆಯವರ ಕೈಗೇ ಸೌಟನ್ನು ಕೊಟ್ಟರೆಂದು ಅನೇಕ ಪಂಡಿತರು ಅರ್ಥಮಾಡುತ್ತಾರೆ. ನಮಗೂ ಹಾಗೆಯೇ ತೋರುತ್ತದೆ.

ನಮ್ಮ ಪಟ್ಟಣದ ಸಭೆಗಳಲ್ಲಿ ಕನ್ನಡ, ತುಳು, ತಮಿಳು, ತೆಲುಗು ಮನೆಮಾತಿನವರು ಒಂದೇ ಬೆಂಚಿನಲ್ಲಿ ಕೂಡ್ರುತ್ತಾರೆ. ಸ್ವಂತ ಮನೆಯವರಿದ್ದಾರೆ, ಬಾಡಿಗೆಯ ಕೋಣೆಯವರಿದ್ದಾರೆ. ಮೂರು ತಲೆಮಾರುಗಳ ಹಿಂದೆ ಯಾರು ಯಾವ ಕೇರಿಯಿಂದ ಬಂದು ದೀಕ್ಷಾಸ್ನಾನ ಹೊಂದಿದರೆಂಬದನ್ನು, ಮದುವೆಯ ಮಾತು ಬಂದಾಗ, ನೆನಪಿಸಿಕೊಳ್ಳುವವರೂ ಇದ್ದಾರೆ. ಇದನ್ನು ಬರೆಯಲು ನಮಗೆ ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಈ ಲೇಖನವು ಅರ್ಧ ಸುಳ್ಳಾದೀತು. ಸ್ತ್ರೀಸಮಾಜದ ಪದವಿಗಳಲ್ಲಿ ಇಪ್ಪತ್ತು ವರ್ಷಗಳಿಂದ ನಾಲ್ಕೇ ಮನೆತನಗಳ ಹೆಸರು ಬರುತ್ತಿದ್ದರೆ ಉಳಿದವರು ಗೊಣಗುತ್ತಾರೆಂದು ದೂರುವದರಲ್ಲಿ ನ್ಯಾಯವಿಲ್ಲ. ಮುಂದಿನ ಖಜಾಂಚಿಯನ್ನು ಹಿಂದಿನ ಬೆಂಚಿನಿಂದ ಆರಿಸಲಿ, ಬೀಗದ ಕೈಯು ಆಕೆಯ ಮನೆಗೆ ಹೋಗಲಿ. ಎರಡು ವರ್ಷಗಳಾದ ಮೇಲೆ ಅಲ್ಲಿಂದಲೂ ಮುಂದಕ್ಕೆ ಹೋಗಲಿ.

ಗೌರವದ ಹಂಚಿಕೆಗೆ ನಮ್ಮ ದೇಶದ ಸ್ತ್ರೀಯೊಬ್ಬರೇ ಒಂದು ಸುಂದರವಾದ ಮಾರ್ಗವನ್ನು ತೋರಿಸಿದ್ದಾರೆ. ೧೯೫೬ರಲ್ಲಿ ಅಮೇರಿಕದ ಪ್ರೆಸ್ಬಿಟೀರಿಯನ್ ಸಭೆಯ ಸ್ತ್ರೀಯರು ಏರ್ಪಡಿಸಿದ ತಂಡವೊಂದು ಏಷ್ಯಖಂಡದ ದೇಶಗಳಲ್ಲಿ ಸಂಚರಿಸಿತು. ಯುದ್ಧಗಳ ಗಾಯ ಇನ್ನೂ ಹಸಿಯಾಗಿದ್ದ ಕಾಲ. ಆ ತಂಡದಲ್ಲಿ ಭಾರತದ ಶಾಂತಿ ಸೊಲೊಮೋನ್ ಎಂಬವರಿದ್ದರು. ಅವರಿಗೆ ಕೊರಿಯ ದೇಶವನ್ನು ಪ್ರವೇಶಿಸಲು ಅನುಮತಿ ಸಿಕ್ಕಲಿಲ್ಲ. ಸಂಗಡಿಗರು ಮುಂದಕ್ಕೆ ಹೋದರು, ಇವರು ಫಿಲಿಪೈನ್ಸ್ ದೇಶದಲ್ಲಿ ಉಳಿದರು. ಮನಸ್ಸು ಕಹಿಯಾಗಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಾಗಿಲ್ಲ. ತಂಡವು ಮತ್ತೆ ಕೂಡಿದಾಗ ಅವರು ಒಂದು ಸಲಹೆಯನ್ನು ಮುಂದಿಟ್ಟರು: ಶಾಂತಿಗಾಗಿ, ಸಮಾಧಾನಕ್ಕಾಗಿ ಪ್ರಾರ್ಥಿಸುವಾಗಲೆಲ್ಲ ಪ್ರತಿಯೊಬ್ಬ ಹೆಂಗಸೂ ತನ್ನ ದೇಶದ ಅತಿ ಚಿಕ್ಕ ನಾಣ್ಯವೊಂದನ್ನು ತೆಗೆದಿಡಬೇಕು. ಫೆಲೋಶಿಪ್ ಆಫ್ ದಿ ಲೀಸ್ಟ್ ಕಾಯಿನ್ ಎಂದು ಹೆಸರಾದ ಈ ಅನ್ಯೋನ್ಯತೆಯು ಅನೇಕ ದೇಶಗಳಿಗೆ ಹಬ್ಬಿತು. ಕೂಡಿದ ಹಣವು ಜಗತ್ತಿನ ಬೇರೆ ಬೇರೆ ಕಡೆಗಳಲ್ಲಿ ಹೆಂಗಸರ, ಮಕ್ಕಳ ಕೆಲಸಗಳಿಗೆ ಹೋಗುತ್ತದೆ.

ಇದರಲ್ಲಿ ನಾವು ಮೆಚ್ಚುವದು ಆ ಚಿಕ್ಕ ನಾಣ್ಯದ ಯುಕ್ತಿಯನ್ನು. ಹೆಚ್ಚಿಗೆ ಕೊಡುವ ದಾರಿಯೇ ಅಲ್ಲಿಲ್ಲ. ಡಾಕ್ಟರರ ಪತ್ನಿಯೂ ಅದನ್ನೇ ಹಾಕಬೇಕು, ಬೀಡಿ ಕಟ್ಟುವಾಕೆಯೂ ಅದನ್ನೇ. ಯಾರ ಹೆಸರನ್ನೂ ಓದುವಂತಿಲ್ಲ. ನಮ್ಮ ದೇಶದಲ್ಲಿ ೧೯೫೭ರ ಏಪ್ರಿಲಿನಲ್ಲಿ ನಯಾ ಪೈಸೆಗಳು ಬಂದವು. ೨೦೧೧ನೇ ಜೂನ್ ೩೦ಕ್ಕೆ ೨೫ ಪೈಸೆಯೂ ಅದಕ್ಕಿಂತ ಚಿಕ್ಕ ನಾಣ್ಯಗಳೂ ಚಲಾವಣೆಯಿಂದ ನಿಂತವು. ಆದಕಾರಣ ಈಗ ಕಾನೂನಿನಂತೆ ನಮ್ಮ ಅತಿ ಚಿಕ್ಕ ನಾಣ್ಯ ೫೦ ಪೈಸೆ, ಅದನ್ನು ಅಂಗಡಿಯವರು ಕಂಡರೆ ಮುಖ ಸಿಂಡರಿಸುತ್ತಾರೆ. ಯಾರೊಡನೆ ಮಾತು ಬಿಟ್ಟಿದೆಯೋ ಆಕೆಯ ಹೆಸರು ಹೇಳಿ ಪ್ರಾರ್ಥಿಸಿ ಆ ನಾಣ್ಯವನ್ನು ಡಬ್ಬಿಯಲ್ಲಿ ಹಾಕುವ ಅಭ್ಯಾಸವನ್ನು ನಮ್ಮ ಸಮಾಜಗಳು ಮಾಡಿಕೊಂಡರೆ ಡಬ್ಬಿ ಬೇಗನೆ ತುಂಬೀತೆಂದು ಒಬ್ಬ ಗೆಳತಿಯು ಹಾಸ್ಯ ಮಾಡಿದರು. ತುಂಬಲಿ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳದೆ ಇರಲಾರೆವು. ಎಲ್ಲ ಮನಸ್ತಾಪಗಳೂ ಸಂಧಾನಕ್ಕೆ ತಕ್ಕವುಗಳಲ್ಲ. ಸಮಾಜದ ಹಣವನ್ನು ಒಬ್ಬರು ತಿಂದಿದ್ದರೆ ಅದು ಮನಸ್ತಾಪವಲ್ಲ, ಕಳವು. ಲೆಕ್ಕ ತಪಾಸಣೆಯವರನ್ನು ಕರೆಯಬೇಕು. ಸೊಸೆಯೊಬ್ಬಳು ಮೈಮೇಲೆ ಬಾಸುಂಡೆಯೊಡನೆ ಪ್ರಾರ್ಥನಾಕೂಟಕ್ಕೆ ಬಂದರೆ, ತಾಳಿಕೊಳ್ಳಮ್ಮಾ ಎಂದು ಹೇಳಿ ಅತ್ತೆಯ ಪಕ್ಕದಲ್ಲಿ ಕೂಡ್ರಿಸುವದು ಐಕಮತ್ಯವಲ್ಲ. ಮನೆಯೊಳಗಿನ ಹಿಂಸೆಯಿಂದ ಸ್ತ್ರೀಯರನ್ನು ಕಾಪಾಡುವ ಕಾಯಿದೆಯು ೨೦೦೫ರಲ್ಲಿ ಆಗಿದೆ. ಅದರಲ್ಲಿ ಸಂರಕ್ಷಣಾಧಿಕಾರಿಯೆಂಬವರನ್ನು ನೇಮಿಸಲಾಗಿದೆ. ಆಕೆಯನ್ನು ಅಲ್ಲಿಗೆ ಕರಕೊಂಡು ಹೋಗಲು ಸಮಾಜದ ಇಬ್ಬರು ಹೆಂಗಸರು ಮುಂದಾದರೆ ಸಭೆಯ ಶಾಂತಿಗೆ ಭಂಗ ಬಂತೆಂದು ಕೆಲವರು ಹೇಳಿಯಾರು. ಅಂತಹ ಶಾಂತಿಗೆ ಭಂಗ ಬರಲೇಬೇಕು.

ಉಳಿದ ಸಾಧಾರಣ ಮುನಿಸುಗಳಿಗೆ ಕರ್ತನು ಹೇಳಿದ ಕ್ರಮವು ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿದೆ: ಮೊದಲು ಒಬ್ಬೊಬ್ಬರಾಗಿ, ಆಮೇಲೆ ಒಬ್ಬಿಬ್ಬರು ಸಾಕ್ಷಿಗಳೊಡನೆ, ಅದಕ್ಕೂ ಆಗದಿದ್ದರೆ ಸಭೆಗೆ. ನಮ್ಮಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಮೊದಲು ಸಭೆಗೆಲ್ಲ ತಿಳಿಯುತ್ತದೆ, ಕೊನೆಗೆ ಸಂಬಂಧಪಟ್ಟಾಕೆಗೆ ತಿಳಿಯುತ್ತದೆ. ಇದನ್ನು ನೆಟ್ಟಗೆ ಮಾಡುವ ಅಭ್ಯಾಸವು ನಲವತ್ತನೆಯ ವಯಸ್ಸಿನಲ್ಲಿ ಬರುವದು ಕಷ್ಟ. ಅದು ಬರಬೇಕಾದದ್ದು ಶಾಲೆಯಲ್ಲಿ, ಬೋರ್ಡಿಂಗ್ ಮನೆಯಲ್ಲಿ, ಒಂದೇ ನಲ್ಲಿಯ ಮುಂದೆ ಹತ್ತು ಬಕೆಟುಗಳು ಸಾಲಾಗಿ ನಿಂತಿರುವಾಗ. ನಿನ್ನ ಬಕೆಟನ್ನು ಸರಿಸಿದವಳ ಹೆಸರನ್ನು ಟೀಚರಿಗೆ ಹೇಳುವ ಮೊದಲು ಆಕೆಗೇ ಹೇಳಿದೆಯಾ ಎಂದು ಕೇಳುವ ಟೀಚರು ಆ ಹುಡುಗಿಯ ಮುಂದಿನ ಸಭೆಗೆ ದೊಡ್ಡ ಉಪಕಾರವನ್ನು ಮಾಡುತ್ತಾರೆ. ಪಾಲಕರಲ್ಲಿಯೂ ನಮ್ಮದೊಂದು ಬಿನ್ನಹ: ಮಗಳು ಮನೆಗೆ ಬಂದು ಇಂಥವಳು ಹೀಗೆಂದಳೆಂದು ಅತ್ತರೆ, ಕೂಡಲೇ ಆ ಹುಡುಗಿಯ ತಾಯಿಗೆ ಫೋನು ಮಾಡಬೇಡಿರಿ. ಒಂದು ರಾತ್ರಿ ಕಳೆಯಲಿ. ಮರುದಿನ ಆ ಮಕ್ಕಳಿಬ್ಬರೂ ಒಂದೇ ಡಬ್ಬಿಯಿಂದ ತಿನ್ನುತ್ತಿರುವದನ್ನು, ತಾಯಂದಿರು ಮಾತ್ರ ಮುಖ ತಿರುಗಿಸಿಕೊಂಡಿರುವದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ.

ಹೆಂಗಸರ ಕೈಗೆ ಈಗ ಮೊದಲಿಗಿಂತ ಹೆಚ್ಚಿನ ಅಧಿಕಾರ ಬಂದಿದೆ. ದಕ್ಷಿಣ ಭಾರತ ಸಭೆಯಲ್ಲಿ ೨೦೧೩ರಲ್ಲಿ ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪರಾದರು; ಆ ಸಭೆಯಲ್ಲಿ ಸ್ತ್ರೀಯೊಬ್ಬರು ಆ ಪದವಿಗೆ ಬಂದದ್ದು ಅದೇ ಮೊದಲು. ಸಭಾಸಮಿತಿಗಳಲ್ಲಿ, ಆಸ್ಪತ್ರೆ ಶಾಲೆಗಳ ಆಡಳಿತದಲ್ಲಿ ನಮ್ಮವರು ಕುಳಿತಿದ್ದಾರೆ. ಇನ್ನು ಮುಂದೆ ನಮ್ಮ ಭಿನ್ನಾಭಿಪ್ರಾಯಗಳು ಬಟ್ಟಲು ಮೇಜುವಸ್ತ್ರಗಳ ಮೇಲೆ ನಿಲ್ಲವು. ಕಟ್ಟಡ, ನೇಮಕ, ಹಣ ಇವುಗಳ ಮೇಲೆ ಆಗುತ್ತವೆ, ಆಗತಕ್ಕದ್ದೇ.

ನಮ್ಮ ಹಳೆಯ ವಿದ್ಯಾರ್ಥಿನಿಯರ ಸಂಘದ ವಾರ್ಷಿಕ ಕೂಟದಿಂದಲೇ ಇದನ್ನು ಆರಂಭಿಸಬಹುದೆಂದು ನಮ್ಮ ಸೂಚನೆ. ಲೆಕ್ಕವನ್ನು ಪ್ರತಿವರ್ಷದಂತೆ ಚಹದ ಮೇಲೆ, ಜನರು ಬಸ್ಸಿಗೆಂದು ಏಳುವ ಹೊತ್ತಿನಲ್ಲಿ ಓದದೆ, ಚಹಕ್ಕೆ ಮೊದಲೇ ಓದಲಿ. ವಂದನಾರ್ಪಣೆಯನ್ನು ಮಾಡುವವರು ಅದಕ್ಕೆ ಮುಂಚೆ ಒಂದು ಸಲ ಅಡಿಗೆಯ ಮನೆಯೊಳಗೆ ಹೋಗಿ ಅಲ್ಲಿರುವವರ ಹೆಸರುಗಳನ್ನು ಬರಕೊಂಡು ಬರಲಿ.